ಕಾಡು ನುಂಗಿದ ನಗರಗಳ ಹುಡುಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಚಿನ್ನದ ನಗರವೊಂದು ಅಡಗಿದೆ ಎಂಬ ನಂಬಿಕೆಯನ್ನು ಬೆನ್ನಟ್ಟಿ ನಾನೂರು ವರ್ಷಗಳ ಕಾಲ ಯುರೋಪಿನವರು ಅಲ್ಲಿಗೆ ಹೋಗುತ್ತಲೇ ಇದ್ದರು. ಹಲವರು ಹಿಂದಿರುಗಲಿಲ್ಲ. ಈ ವಿಷಯದಲ್ಲಿ ಆಸಕ್ತಿಯುಳ್ಳ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಅಮೆಜಾನ್ ಸೀಮೆಗೆ, ಅದರಲ್ಲೂ 1925ರಲ್ಲಿ ಕಣ್ಮರೆಯಾದ ಪರ್ಸಿ ಫಾಸೆಟ್‌ನ ಕಥೆಗೆ, ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಹುಡುಕಿದವರ ಸಾಹಸ, ಅವರ ಕುರುಡುತನ ಎರಡೂ ಅಲ್ಲಿ ಒಟ್ಟಿಗೇ ಕಾಣಸಿಗುತ್ತವೆ.

ಎಲ್ ಡೊರಾಡೊ ಎನ್ನುವುದು ನಿಜವಾಗಿ ಒಂದು ನಗರದ ಹೆಸರೇ?

ಅಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ 'ಚಿನ್ನ ಲೇಪಿತನಾದವನು' ಎಂದು ಅರ್ಥ. ಅದು ಮೊದಲು ಒಬ್ಬ ಮನುಷ್ಯನನ್ನು ಕುರಿತ ಮಾತಾಗಿತ್ತು. ಇಂದಿನ ಕೊಲಂಬಿಯಾದ ಎತ್ತರದ ಪ್ರದೇಶದಲ್ಲಿ ವಾಸವಾಗಿದ್ದ ಮುಯಿಸ್ಕ ಜನರಲ್ಲಿ ಹೊಸ ಒಡೆಯ ಪಟ್ಟಕ್ಕೆ ಬರುವಾಗ ಮೈಗೆಲ್ಲ ಚಿನ್ನದ ಪುಡಿ ಬಳಿದುಕೊಂಡು, ತೆಪ್ಪದ ಮೇಲೆ ಗ್ವಾಟವಿಟ ಎಂಬ ಕೆರೆಯ ನಡುವಿಗೆ ಹೋಗಿ, ಚಿನ್ನವನ್ನೂ ಪಚ್ಚೆಯನ್ನೂ ನೀರಿಗೆ ಅರ್ಪಿಸುತ್ತಿದ್ದನೆಂದು ಸ್ಪೇನಿನವರು ಕೇಳಿ ತಿಳಿದರು. 1969ರಲ್ಲಿ ಪಾಸ್ಕಾ ಎಂಬ ಊರಿನ ಬಳಿ ಗವಿಯೊಂದರಲ್ಲಿ ಸಿಕ್ಕಿದ ಪುಟ್ಟ ಚಿನ್ನದ ತೆಪ್ಪ ಇದೇ ಆಚರಣೆಯನ್ನು ತೋರಿಸುತ್ತದೆ ಎಂದು ವಿದ್ವಾಂಸರು ನಂಬುತ್ತಾರೆ. ಅದರ ನಡುವೆ ಒಡೆಯನೂ ಸುತ್ತಲೂ ಅವನ ಪರಿವಾರವೂ ನಿಂತಿದ್ದಾರೆ.

ಕೆರೆಯ ನೀರನ್ನು ಖಾಲಿ ಮಾಡುವ ಪ್ರಯತ್ನಗಳು 1540ರ ದಶಕದಿಂದಲೇ ನಡೆದವು. 1580ರ ದಶಕದಲ್ಲಿ ಆಂಟೋನಿಯೊ ದೆ ಸೆಪುಲ್ವೇದಾ ಎಂಬ ವರ್ತಕನು ಕೆರೆಯ ದಂಡೆಯನ್ನೇ ಸೀಳಿಸಿದನು. ಆ ಸೀಳು ಇಂದಿಗೂ ಕಣ್ಣಿಗೆ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಯೊಂದು ಸುರಂಗ ಕೊರೆದು ನೀರನ್ನೆಲ್ಲ ಹೊರಬಿಟ್ಟಿತು, ಆದರೆ ತಳದಲ್ಲಿ ಉಳಿದ ಕೆಸರು ಬಿಸಿಲಿಗೆ ಒಣಗಿ ಕಲ್ಲಿನಂತಾಗಿ ಅಗೆಯಲು ಬಾರದಾಯಿತು. 1965ರಲ್ಲಿ ಕೊಲಂಬಿಯಾ ಸರ್ಕಾರ ಕೆರೆಗೆ ರಕ್ಷಣೆ ಕೊಟ್ಟು ಈ ಕೆಲಸಕ್ಕೆ ತಡೆ ಹಾಕಿತು.

ಹಾಗಾದರೆ ಮನುಷ್ಯನೊಬ್ಬನ ಕಥೆ ನಗರದ ಕಥೆಯಾದದ್ದು ಹೇಗೆ?

ಸಿಗಬೇಕಾದಷ್ಟು ಚಿನ್ನ ಒಂದೆಡೆ ಸಿಗದಿದ್ದಾಗಲೆಲ್ಲ ಅದು ಮುಂದಿನ ಬೆಟ್ಟದ ಆಚೆ ಇರಬೇಕೆಂದು ನಂಬುವುದು ಸುಲಭವಾಗಿತ್ತು. ಪರಕೀಯರು ಬಂದು ಚಿನ್ನವೆಲ್ಲಿ ಎಂದು ಹಿಂಸಿಸಿದಾಗ 'ಇನ್ನೂ ಮುಂದೆ ಇದೆ' ಎಂದು ಕೈತೋರಿಸಿ ಅವರನ್ನು ತಮ್ಮ ಊರಿನಿಂದ ಸಾಗಹಾಕುವುದೂ ಸ್ಥಳೀಯರಿಗೆ ಬದುಕುಳಿಯುವ ದಾರಿಯಾಗಿತ್ತು. ಹೀಗೆ ಚಿನ್ನದ ಮನುಷ್ಯ ಚಿನ್ನದ ನಾಡಾದ, ನಾಡು ಬೆಟ್ಟದಿಂದಿಳಿದು ಕಾಡಿಗೆ ಸರಿಯಿತು. ಇಂಗ್ಲೆಂಡಿನ ವಾಲ್ಟರ್ ರಾಲೆ 1595ರಲ್ಲಿ ಒರಿನೊಕೊ ನದಿಯನ್ನು ಏರುವ ಹೊತ್ತಿಗೆ ಅದಕ್ಕೆ ಮನೋವಾ ಎಂಬ ಹೆಸರೂ, ಪಕ್ಕದಲ್ಲಿ ಪರಿಮೆ ಎಂಬ ದೊಡ್ಡ ಸರೋವರವೂ ಅಂಟಿಕೊಂಡಿದ್ದವು. ರಾಲೆಯ 1617ರ ಎರಡನೆಯ ಯಾತ್ರೆಯಲ್ಲಿ ಅವನ ಮಗ ಸ್ಪೇನಿನವರೊಡನೆ ನಡೆದ ಕಾಳಗದಲ್ಲಿ ಸತ್ತನು. ಬರಿಗೈಲಿ ಮರಳಿದ ತಂದೆಯ ತಲೆಯನ್ನು 1618ರ ಅಕ್ಟೋಬರ್ 29ರಂದು ಲಂಡನ್ನಿನಲ್ಲಿ ಕಡಿಯಲಾಯಿತು. ಇಲ್ಲದ ಆ ಸರೋವರ ಮಾತ್ರ ಇನ್ನೂ ಇನ್ನೂರು ವರ್ಷ ಭೂಪಟಗಳಲ್ಲಿ ಉಳಿದಿತ್ತು.

ಅಮೆಜಾನ್ ನದಿಯನ್ನು ಮೊದಲು ಇಳಿದವರು ನಗರಗಳನ್ನು ಕಂಡೆವೆಂದು ಬರೆದಿದ್ದಾರಲ್ಲ, ಅದು ಸುಳ್ಳೇ?

ಬಹುಕಾಲ ಅದನ್ನು ಸುಳ್ಳೆಂದೇ ತಳ್ಳಿಹಾಕಲಾಗಿತ್ತು. 1541ರಲ್ಲಿ ಗೊನ್ಸಾಲೊ ಪಿಸಾರೊ ಎಂಬ ಸ್ಪೇನಿನ ದಳಪತಿ ಎಲ್ ಡೊರಾಡೊವನ್ನೂ ದಾಲ್ಚಿನ್ನಿಯ ಕಾಡುಗಳನ್ನೂ ಹುಡುಕುತ್ತ ಕೀಟೊ ನಗರದಿಂದ ಪೂರ್ವಕ್ಕೆ ಹೊರಟನು. ದಂಡು ಹಸಿವಿನಿಂದ ಕಂಗೆಟ್ಟಾಗ ಆಹಾರ ತರಲೆಂದು ಫ್ರಾನ್ಸಿಸ್ಕೊ ದೆ ಒರೆಲ್ಲಾನ ಐವತ್ತರಷ್ಟು ಜನರೊಡನೆ ದೋಣಿಯಲ್ಲಿ ಮುಂದೆ ಹೋದನು. ನದಿಯ ಸೆಳೆತಕ್ಕೆ ಎದುರಾಗಿ ಮರಳಲು ಆಗದೆ ಅವರು ಹರಿವಿನ ಜೊತೆಗೇ ಸಾಗಿ, 1542ರ ಆಗಸ್ಟ್ ಕೊನೆಗೆ ಅಟ್ಲಾಂಟಿಕ್ ಸಾಗರವನ್ನು ಮುಟ್ಟಿದರು.

ಆ ದೋಣಿಯಲ್ಲಿದ್ದ ಗಾಸ್ಪಾರ್ ದೆ ಕಾರ್ವಾಹಾಲ್ ಎಂಬ ಪಾದ್ರಿ ಕಂಡದ್ದನ್ನೆಲ್ಲ ಬರೆದಿಟ್ಟನು. ದಂಡೆಯುದ್ದಕ್ಕೂ ಒತ್ತಾಗಿ ಹಬ್ಬಿದ ಊರುಗಳು, ಒಳನಾಡಿಗೆ ಹೋಗುವ ಅಗಲವಾದ ರಸ್ತೆಗಳು, ಸ್ಪೇನಿನ ಮಾಲಗಾದ ಮಡಕೆಗಳನ್ನೂ ಮೀರಿಸುವಂಥ ಬಣ್ಣದ ಮಡಕೆಗಳು ಅವನ ಬರಹದಲ್ಲಿವೆ. ಅದೇ ಬರಹದಲ್ಲಿ ಯುದ್ಧ ಮಾಡುವ ಹೆಂಗಸರ ನಾಡಿನ ವರ್ಣನೆಯೂ ಬರುವುದರಿಂದ ಉಳಿದದ್ದೂ ಕಟ್ಟುಕಥೆಯೆಂದು ಓದಿದವರು ತೀರ್ಮಾನಿಸಿದರು. ಮುಂದಿನ ಶತಮಾನಗಳಲ್ಲಿ ನದಿಗೆ ಹೋದವರಿಗೆ ಅಂಥ ಊರುಗಳು ಕಾಣಲೂ ಇಲ್ಲ. ಪಾದ್ರಿ ಆ ಯಾತ್ರೆಯಲ್ಲಿ ಬಾಣ ತಗುಲಿ ಒಂದು ಕಣ್ಣು ಕಳೆದುಕೊಂಡಿದ್ದನು. ಉಳಿದ ಒಂದೇ ಕಣ್ಣಿನಲ್ಲಿ ಅವನು ಕಂಡದ್ದು ಬಹುಮಟ್ಟಿಗೆ ನಿಜವೆಂದು ಇಂದು ಮಣ್ಣಿನೊಳಗಿನ ಸಾಕ್ಷ್ಯ ಹೇಳುತ್ತಿದೆ.

ಪರ್ಸಿ ಫಾಸೆಟ್ ಯಾರು?

1867ರಲ್ಲಿ ಇಂಗ್ಲೆಂಡಿನ ಟಾರ್ಕಿ ಎಂಬ ಊರಿನಲ್ಲಿ ಹುಟ್ಟಿದ ಬ್ರಿಟಿಷ್ ಫಿರಂಗಿ ದಳದ ಅಧಿಕಾರಿ. ತರುಣನಾಗಿದ್ದಾಗ ಸಿಂಹಳದ ತ್ರಿಂಕೋಮಲಿಯಲ್ಲಿ ಸೇವೆಯಲ್ಲಿದ್ದನು. ಬಳಿಕ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಸರ್ವೆ ವಿದ್ಯೆಯನ್ನು ಕಲಿತು, 1906ರಲ್ಲಿ ಬೊಲಿವಿಯಾ ಮತ್ತು ಬ್ರೆಜಿಲ್ ದೇಶಗಳ ಗಡಿಯನ್ನು ಅಳೆಯುವ ಕೆಲಸಕ್ಕೆ ನೇಮಕಗೊಂಡನು. ಆಗ ರಬ್ಬರ್ ವ್ಯಾಪಾರ ಏರುಮುಖದಲ್ಲಿತ್ತು; ಗಡಿ ಎಲ್ಲಿ ಎಂಬುದು ಎರಡೂ ದೇಶಗಳಿಗೆ ಹಣದ ಪ್ರಶ್ನೆಯಾಗಿತ್ತು. ರಬ್ಬರ್ ಸಂಗ್ರಹಿಸುವವರು ಕಾಡಿನ ಜನರನ್ನು ಗುಲಾಮರನ್ನಾಗಿ ದುಡಿಸಿಕೊಳ್ಳುತ್ತಿದ್ದ ಕ್ರೌರ್ಯವನ್ನು ಆತ ಕಣ್ಣಾರೆ ಕಂಡು ಕಟುವಾಗಿ ಬರೆದಿದ್ದಾನೆ.

ಮೋಜಣಿಗಾರನಾಗಿ ಫಾಸೆಟ್‌ನ ಯೋಗ್ಯತೆಯನ್ನು ಯಾರೂ ಅಲ್ಲಗಳೆಯಲಾರರು. ಅವನ ಭೂಪಟ ಕೆಲಸಕ್ಕಾಗಿ 1916ರಲ್ಲಿ ಸೊಸೈಟಿ ತನ್ನ ಚಿನ್ನದ ಪದಕವನ್ನು ನೀಡಿತು. ಜೊತೆಯವರು ಜ್ವರದಿಂದಲೂ ಹುಳು ಬಿದ್ದ ಗಾಯಗಳಿಂದಲೂ ಕುಸಿಯುತ್ತಿದ್ದ ಕಾಡಿನಲ್ಲಿ ಅವನ ಮೈ ಮಾತ್ರ ಅಚ್ಚರಿಯೆನಿಸುವಷ್ಟು ಗಟ್ಟಿಯಾಗಿ ಉಳಿಯುತ್ತಿತ್ತು. ಆದ್ದರಿಂದಲೇ ಇರಬೇಕು, ನಿಧಾನವಾಗಿ ನಡೆಯುವವರ ಬಗ್ಗೆ ಅವನಿಗೆ ಸಹನೆ ಕಡಿಮೆ. ದಕ್ಷಿಣ ಧ್ರುವದ ಹಿಮದಲ್ಲಿ ಅನ್ವೇಷಕ ಶ್ಯಾಕಲ್ಟನ್‌ನ ತಂಡದೊಡನೆ ದುಡಿದು ಬಂದಿದ್ದ ಜೇಮ್ಸ್ ಮರ್‍ರೆ ಎಂಬ ವಿಜ್ಞಾನಿ 1911ರಲ್ಲಿ ಫಾಸೆಟ್‌ನ ಜೊತೆ ಬೊಲಿವಿಯಾದ ಕಾಡಿಗೆ ಹೋಗಿ ಸಾವಿನಂಚಿಗೆ ತಲುಪಿದನು, ಮತ್ತು ಇಬ್ಬರೂ ಕಡುವೈರಿಗಳಾಗಿ ಮರಳಿದರು.

ಅವನು ಹುಡುಕುತ್ತಿದ್ದ ನಗರಕ್ಕೆ 'ಝೆಡ್' ಎಂಬ ಹೆಸರು ಏಕೆ? 512ನೇ ಹಸ್ತಪ್ರತಿ ಎಂದರೇನು?

'ಝೆಡ್' ಎನ್ನುವುದು ಫಾಸೆಟ್ ತಾನೇ ಇಟ್ಟುಕೊಂಡ ಗುಪ್ತನಾಮ. ಬ್ರೆಜಿಲಿನ ಮಾಟೊ ಗ್ರೊಸೊ ಪ್ರಾಂತ್ಯದ ಒಳಗೆ, ಶಿಂಗು ನದಿಯ ಮೇಲ್ಭಾಗದ ಕಾಡುಗಳ ಕಡೆ, ಪ್ರಾಚೀನ ನಾಗರಿಕತೆಯೊಂದರ ಪಟ್ಟಣವಿದೆ ಎಂಬುದು ಅವನ ನಂಬಿಕೆ. ಕಾಡಿನ ಜನರಿಂದ ಕೇಳಿದ ಮಾತುಗಳು, ನೆಲದಲ್ಲಿ ಹೇರಳವಾಗಿ ಸಿಗುತ್ತಿದ್ದ ಹಳೆಯ ಮಡಕೆ ಚೂರುಗಳು, ಹಳೆಯ ದಾಖಲೆಗಳ ಓದು, ಇವೆಲ್ಲ ಸೇರಿ ಆ ನಂಬಿಕೆ ರೂಪುಗೊಂಡಿತು.

ಆ ದಾಖಲೆಗಳಲ್ಲಿ ಹೆಸರಾದದ್ದು ರಿಯೊ ದಿ ಜನೈರೊದ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ 512ನೇ ಸಂಖ್ಯೆಯ ಹಸ್ತಪ್ರತಿ. 1753ರ ಇಸವಿಯನ್ನು ಹೊತ್ತ ಈ ಪೋರ್ಚುಗೀಸ್ ಬರಹವು 1839ರಲ್ಲಿ ಬೆಳಕಿಗೆ ಬಂದಿತು. ಗಣಿ ಹುಡುಕಿ ಅಲೆಯುತ್ತಿದ್ದ ತಂಡವೊಂದು ಬಹಿಯಾ ಪ್ರಾಂತ್ಯದ ಒಳನಾಡಿನಲ್ಲಿ ಕಮಾನುಗಳೂ ಕಲ್ಲಿನ ಮನೆಗಳೂ ವಿಚಿತ್ರ ಲಿಪಿಯ ಶಾಸನಗಳೂ ಇರುವ ಪಾಳು ನಗರವನ್ನು ಕಂಡಿತೆಂದು ಅದು ಹೇಳುತ್ತದೆ. ಹುಳು ತಿಂದ ತೂತುಗಳಿಂದಾಗಿ ಹಲವೆಡೆ ಮಾತುಗಳೇ ಇಲ್ಲ. ಓದುಗರು ಇಲ್ಲಿ ಒಂದು ಗೊಂದಲವನ್ನು ತಪ್ಪಿಸಬೇಕು: ಬಹಿಯಾದ ನಗರವೂ ಝೆಡ್ಡೂ ಒಂದೇ ಅಲ್ಲ. ಫಾಸೆಟ್‌ನ ಮುಖ್ಯ ಗುರಿ ಝೆಡ್. ಹಸ್ತಪ್ರತಿಯ ನಗರವನ್ನು ಆಮೇಲೆ ನೋಡುವುದು ಅವನ ಯೋಜನೆಯಾಗಿತ್ತು. ಅವನಿಗೆ ಪ್ರೇತಾತ್ಮ ವಿದ್ಯೆಯಲ್ಲಿಯೂ ನಂಬಿಕೆಯಿತ್ತು; ತನ್ನ ಬಳಿಯಿದ್ದ ಪುಟ್ಟ ಕಲ್ಲಿನ ಮೂರ್ತಿಯೊಂದರ ಮೂಲವನ್ನು ವಸ್ತು ಮುಟ್ಟಿ ಭೂತಕಾಲ ಹೇಳುವವರಲ್ಲಿ ಕೇಳಿಸಿದ್ದನು. ವಯಸ್ಸಾದಂತೆ ಅಳತೆಗೋಲಿನ ಮನುಷ್ಯ ಹಿಂದೆ ಸರಿದು ಕನಸಿನ ಮನುಷ್ಯ ಮುಂದೆ ಬಂದನೆಂಬುದು ನನ್ನ ಅಭಿಪ್ರಾಯ.

1925ರಲ್ಲಿ ನಿಜವಾಗಿ ಏನಾಯಿತು?

ಫಾಸೆಟ್‌ಗೆ ಆಗ 57 ವರ್ಷ. ಜೊತೆಗೆ 21 ವರ್ಷದ ಹಿರಿಯ ಮಗ ಜಾಕ್ ಹಾಗೂ ಜಾಕ್‌ನ ಬಾಲ್ಯಸ್ನೇಹಿತ ರಾಲೆ ರಿಮೆಲ್ ಮಾತ್ರ ಇದ್ದರು. ದೊಡ್ಡ ದಂಡು ಬಂದರೆ ಕಾಡಿನ ಜನ ಹೆದರಿ ಎದುರು ಬೀಳುತ್ತಾರೆ, ಮತ್ತು ಅಷ್ಟು ಮಂದಿಗೆ ಕಾಡಿನಲ್ಲಿ ಊಟ ಸಿಗುವುದಿಲ್ಲ ಎಂಬುದು ಅವನ ಖಚಿತ ಅಭಿಪ್ರಾಯವಾಗಿತ್ತು. ಅಮೆರಿಕದ ಪತ್ರಿಕೆಗಳ ಒಕ್ಕೂಟವೊಂದು ವರದಿಗಳ ಹಕ್ಕಿಗಾಗಿ ಹಣ ಕೊಟ್ಟಿದ್ದರಿಂದ, ಅವರು ಓಲೆಕಾರರ ಕೈಯಲ್ಲಿ ಕಳಿಸುತ್ತಿದ್ದ ಪತ್ರಗಳನ್ನು ಲಕ್ಷಾಂತರ ಜನ ಓದುತ್ತಿದ್ದರು.

ಏಪ್ರಿಲ್ 20ರಂದು ಅವರು ಕುಯಿಯಾಬಾ ಪಟ್ಟಣದಿಂದ ಹೊರಟರು. ಕುದುರೆ, ಹೇಸರಗತ್ತೆಗಳು, ನಾಯಿಗಳು ಮತ್ತು ಇಬ್ಬರು ಬ್ರೆಜಿಲಿನ ಕೂಲಿಯಾಳುಗಳು ಜೊತೆಗಿದ್ದರು. ಮೇ 29ರಂದು 'ಸತ್ತ ಕುದುರೆಯ ಬಿಡಾರ' ಎಂಬಲ್ಲಿಂದ, ಅಂದರೆ 1920ರ ವಿಫಲ ಯಾತ್ರೆಯಲ್ಲಿ ಅವನ ಕುದುರೆ ಸತ್ತುಬಿದ್ದ ಜಾಗದಿಂದ, ಕೂಲಿಯಾಳುಗಳನ್ನು ಕೊನೆಯ ಪತ್ರಗಳೊಡನೆ ಹಿಂದಕ್ಕೆ ಕಳಿಸಲಾಯಿತು. ಸೋಲಿನ ಭಯವೇ ಬೇಡ ಎಂದು ಫಾಸೆಟ್ ಹೆಂಡತಿ ನೀನಾಳಿಗೆ ಬರೆದಿದ್ದನು. ರಿಮೆಲ್‌ನ ಕಾಲಿಗೆ ಉಣ್ಣಿ ಹುಳು ಕಚ್ಚಿ ಹುಣ್ಣಾಗಿತ್ತು. ಅಲ್ಲಿಂದ ಮುಂದೆ ಆ ಮೂವರಿಂದ ಒಂದು ಸಾಲೂ ಬರಲಿಲ್ಲ.

ತನ್ನ ದಾರಿಯನ್ನು ಬೇರೆಯವರು ಹಿಡಿದಾರೆಂಬ ಅಳುಕಿನಿಂದ ಫಾಸೆಟ್ ಸ್ಥಳಗಳನ್ನು ಗುಟ್ಟಾಗಿಡುತ್ತಿದ್ದನು. ಆ ಬಿಡಾರದ ಅಕ್ಷಾಂಶವು ಒಂದು ಕಡೆ 11 ಡಿಗ್ರಿ 43 ಮಿನಿಟು ಎಂದೂ ಇನ್ನೊಂದು ಕಡೆ 13 ಡಿಗ್ರಿ 43 ಮಿನಿಟು ಎಂದೂ ಇದೆ. ನೆಲದ ಮೇಲೆ ಇದು ಸುಮಾರು 220 ಕಿಲೋಮೀಟರ್ ವ್ಯತ್ಯಾಸ. ಹುಡುಕಲು ಹೋದವರು ದಾರಿತಪ್ಪಿದ್ದರೆ ಆಶ್ಚರ್ಯವಿಲ್ಲ.

ಅವರ ಕೊನೆಯ ಬಗ್ಗೆ ಸ್ಥಳೀಯ ಜನರು ಏನು ಹೇಳುತ್ತಾರೆ?

ಶಿಂಗು ಸೀಮೆಯ ಕಲಪಾಲೊ ಜನರು ಈ ಕಥೆಯನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದ್ದಾರೆ. ಮೂವರು ಬಿಳಿಯರು ತಮ್ಮ ಊರಿನಲ್ಲಿ ತಂಗಿದ್ದರು. ಪೂರ್ವಕ್ಕೆ ಹೋಗಬೇಡಿ, ಅಲ್ಲಿರುವವರು ಉಗ್ರರು ಎಂದು ಹಿರಿಯರು ತಡೆದರು. ಅವರು ಕೇಳದೆ ಹೊರಟರು. ಐದು ದಿನಗಳ ಕಾಲ ಸಂಜೆ ಅವರ ಒಲೆಯ ಹೊಗೆ ಕಾಡಿನ ಮೇಲೆ ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ. ಈವರೆಗೆ ನಾನು ಓದಿದ ಎಲ್ಲ ವಿವರಣೆಗಳಲ್ಲಿ ಇದೇ ಹೆಚ್ಚು ನಂಬುವಂತಿದೆ.

1928ರಲ್ಲಿ ಜಾರ್ಜ್ ಡೈಯಟ್ ಎಂಬ ಅನ್ವೇಷಕನು ಅವರನ್ನು ಹುಡುಕಲು ದೊಡ್ಡ ತಂಡದೊಡನೆ ಹೋಗಿ, ಫಾಸೆಟ್ ಕೊಲೆಯಾಗಿದ್ದಾನೆಂದು ಸಾರಿದನಾದರೂ ಪುರಾವೆ ತರಲಿಲ್ಲ. 1951ರಲ್ಲಿ ಮೂಲನಿವಾಸಿಗಳ ಪರವಾಗಿ ದುಡಿಯುತ್ತಿದ್ದ ಬ್ರೆಜಿಲಿನ ಒರ್ಲಾಂಡೊ ವಿಲ್ಲಾಸ್ ಬೋವಾಸ್‌ಗೆ ಕಲಪಾಲೊ ಜನರು ತೋರಿಸಿದ ಮೂಳೆಗಳನ್ನು ಲಂಡನ್ನಿಗೆ ಕಳಿಸಿ ಪರೀಕ್ಷಿಸಿದಾಗ ಅವು ಫಾಸೆಟ್‌ನವಲ್ಲವೆಂದು ತಜ್ಞರು ವರದಿ ಕೊಟ್ಟರು. ನೀನಾ ಮಾತ್ರ ಗಂಡನೂ ಮಗನೂ ಬದುಕಿದ್ದಾರೆಂದು ದಶಕಗಳ ಕಾಲ ಕಾದಳು.

ಕಾಡಿನ ಜನರನ್ನು ಫಾಸೆಟ್ ಹೇಗೆ ಕಾಣುತ್ತಿದ್ದನು?

ಅವನ ಕಾಲದ ಹಲವರಿಗಿಂತ ಉತ್ತಮವಾಗಿ. 1910ರಲ್ಲಿ ಹೀತ್ ನದಿಯಲ್ಲಿ ದೋಣಿಗಳ ಮೇಲೆ ಬಾಣಗಳು ಸುರಿದಾಗ ತಿರುಗಿ ಗುಂಡು ಹಾರಿಸಬಾರದೆಂದು ಆಜ್ಞಾಪಿಸಿ, ಜೊತೆಯವನೊಬ್ಬನಿಂದ ಅಕಾರ್ಡಿಯನ್ ನುಡಿಸಿ ಹಾಡಿಸಿದನು. ಕೊನೆಗೆ ಎರಡೂ ಕಡೆಯವರು ಉಡುಗೊರೆ ಕೊಟ್ಟುಕೊಂಡರು. ಅವರ ಮಾತು, ಔಷಧ, ಬೇಸಾಯದ ಬಗ್ಗೆ ಅವನಿಗೆ ಗೌರವವಿತ್ತು.

ಆದರೂ, ಇಷ್ಟು ಹತ್ತಿರದಿಂದ ಕಂಡ ಇವರ ಪೂರ್ವಿಕರೇ ನಗರ ಕಟ್ಟಿರಬಹುದೆಂದು ಅವನ ಮನಸ್ಸು ಒಪ್ಪಲಿಲ್ಲ. ಕಟ್ಟಿದವರು ಹೊರಗಿನಿಂದ ಬಂದ, ಬಿಳಿಯ ಮೈಬಣ್ಣದ ಪ್ರಾಚೀನರಿರಬೇಕೆಂದು ಅವನು ಕಲ್ಪಿಸಿಕೊಂಡನು. ಅದೇ ಕಾಲದಲ್ಲಿ ಅದೇ ಕಾಡುಗಳಲ್ಲಿ ತಂತಿ ಕಂಬಗಳನ್ನು ನೆಡಿಸುತ್ತಿದ್ದ ಬ್ರೆಜಿಲಿನ ಕ್ಯಾಂಡಿಡೊ ರೊಂಡಾನ್ ತಾನೇ ಮೂಲನಿವಾಸಿಗಳ ವಂಶದವನು. 'ಬೇಕಾದರೆ ಸಾಯೋಣ, ಕೊಲ್ಲುವುದು ಮಾತ್ರ ಎಂದಿಗೂ ಬೇಡ' ಎಂಬುದು ತನ್ನ ಜನರಿಗೆ ಅವನು ಹಾಕಿಕೊಟ್ಟ ನಿಯಮವಾಗಿತ್ತು. ಫಾಸೆಟ್‌ಗೂ ರೊಂಡಾನ್‌ಗೂ ಸರಿಬರಲಿಲ್ಲ. ಜಗತ್ತು ಫಾಸೆಟ್‌ನನ್ನೇ ಹೆಚ್ಚು ನೆನೆಯುವುದು ನನಗೆ ಬೇಸರದ ಸಂಗತಿ.

ಹಾಗಾದರೆ ಝೆಡ್ ನಗರ ಇತ್ತೇ, ಇಲ್ಲವೇ?

ಫಾಸೆಟ್ ಕನಸು ಕಂಡ ಕಲ್ಲಿನ ಗೋಪುರಗಳ ನಗರ ಇರಲಿಲ್ಲ. ಆದರೆ ಅವನು ಕೊನೆಯದಾಗಿ ನಡೆದ ಆ ಸೀಮೆಯಲ್ಲಿ ಪಟ್ಟಣಗಳಿದ್ದವು. ಅಮೆರಿಕದ ಪುರಾತತ್ವಜ್ಞ ಮೈಕೆಲ್ ಹೆಕೆನ್‌ಬರ್ಗರ್ ಅವರು ಶಿಂಗು ಮೇಲ್ಭಾಗದ ಕುಯಿಕುರು ಜನರ ಜೊತೆ ವರ್ಷಗಟ್ಟಲೆ ಇದ್ದು, ಅವರ ಮುಖಂಡರೂ ಯುವಕರೂ ತೋರಿಸಿದ ಜಾಗಗಳನ್ನು ಅಳೆದು, 2003 ಮತ್ತು 2008ರಲ್ಲಿ ವಿವರಗಳನ್ನು ಪ್ರಕಟಿಸಿದರು. ಕುಯಿಕುರು ಮುಖಂಡ ಅಫುಕಾಕಾ ಅವರ ಹೆಸರೂ ಆ ಲೇಖನಗಳ ಲೇಖಕರ ಸಾಲಿನಲ್ಲಿದೆ.

ಅಲ್ಲಿ ಕಂಡದ್ದು ಹೀಗಿದೆ. ಕುಹಿಕುಗು ಮುಂತಾದ ಹಳೆಯ ನೆಲೆಗಳ ನಡುವೆ ವೃತ್ತಾಕಾರದ ವಿಶಾಲ ಅಂಗಳ. ಅಲ್ಲಿಂದ ಹೊರಟ ನೇರ ರಸ್ತೆಗಳು, ಕೆಲವು ಹತ್ತರಿಂದ ಐವತ್ತು ಮೀಟರ್ ಅಗಲ, ಎರಡೂ ಬದಿಗೆ ಮಣ್ಣಿನ ಏರಿ. ಊರನ್ನು ಸುತ್ತುವರಿದ ಆಳವಾದ ಕಂದಕಗಳು, ಅವುಗಳ ಒಳಗೆ ಮರದ ಬೇಲಿಕೋಟೆ. ಜೌಗು ದಾಟಲು ಎತ್ತರಿಸಿದ ದಾರಿಗಳು, ಮೀನು ಹಿಡಿಯಲು ಕಟ್ಟಿದ ಅಡ್ಡಕಟ್ಟೆಗಳು. ಮರಗೆಣಸಿನ ಹೊಲಗಳು, ಹಣ್ಣಿನ ತೋಪುಗಳು. ದೊಡ್ಡ ನೆಲೆಗಳು 20ರಿಂದ 50 ಹೆಕ್ಟೇರ್ ವಿಸ್ತಾರವಿದ್ದು, ಸುತ್ತಲಿನ ಚಿಕ್ಕ ಊರುಗಳೊಡನೆ ಜಾಲದಂತೆ ಹೆಣೆದುಕೊಂಡಿದ್ದವು. ಇವುಗಳ ಏಳಿಗೆಯ ಕಾಲ ಸುಮಾರು 1250ರಿಂದ 1600ರವರೆಗೆ. ಇಡೀ ಸೀಮೆಯಲ್ಲಿ ಐವತ್ತು ಸಾವಿರದಷ್ಟು ಜನರಿದ್ದಿರಬಹುದೆಂದು ಅವರ ಅಂದಾಜು. ಇಂದಿಗೂ ಕುಯಿಕುರು ಊರಿನ ನಡುವೆ ಅಂಥದ್ದೇ ದುಂಡನೆಯ ಅಂಗಳವಿದೆ, ಮನೆಗಳು ಅದನ್ನು ಸುತ್ತುವರಿದಿವೆ. ಫಾಸೆಟ್ ಹುಡುಕುತ್ತಿದ್ದ ನಗರದ ನಕ್ಷೆ ಅಲ್ಲಿಯ ಊರುಗಳಲ್ಲಿ ಅವನ ಕಣ್ಣೆದುರಿಗೇ ಇತ್ತು.

ಮಳೆಕಾಡಿನ ಮಣ್ಣು ಬಡವಾದದ್ದು, ಅಲ್ಲಿ ಹೆಚ್ಚು ಜನ ಬದುಕಲಾರರು ಎಂದು ಓದಿದ್ದೇವಲ್ಲ?

ಇಪ್ಪತ್ತನೆಯ ಶತಮಾನದ ಬಹುಭಾಗ ಇದೇ ಪಾಠವಾಗಿತ್ತು, ಮತ್ತು ಅದರಲ್ಲಿ ಸತ್ಯಾಂಶವೂ ಇದೆ: ಸುರಿಯುವ ಮಳೆ ಮಣ್ಣಿನ ಸಾರವನ್ನು ತೊಳೆದುಬಿಡುತ್ತದೆ. ಆದರೆ ಅಲ್ಲಿಯ ಜನ ಮಣ್ಣನ್ನು ತಾವೇ ತಯಾರಿಸಿಕೊಂಡರು. ಒಲೆಯ ಇದ್ದಿಲು, ಮೀನಿನ ಮೂಳೆ, ಅಡುಗೆಯ ಕಸ, ಮಡಕೆ ಚೂರು ಶತಮಾನಗಳ ಕಾಲ ಸೇರಿ ಉಂಟಾದ ಕಪ್ಪು ಮಣ್ಣು ನದಿಗಳ ದಂಡೆಯುದ್ದಕ್ಕೂ ತೇಪೆ ತೇಪೆಯಾಗಿ ಸಿಗುತ್ತದೆ. ಬ್ರೆಜಿಲಿನವರು ಇದನ್ನು 'ಟೆರ್ರಾ ಪ್ರೇಟಾ' ಎನ್ನುತ್ತಾರೆ. ಇದು ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನಂತೆ ಬಂಡೆ ಕರಗಿ ತಾನಾಗಿ ಆದದ್ದಲ್ಲ, ಮನುಷ್ಯರ ವಾಸದಿಂದ ಆದದ್ದು. ಇಂದಿನ ರೈತರೂ ಅದನ್ನು ಹುಡುಕಿ ಬಿತ್ತುತ್ತಾರೆ.

ದಟ್ಟ ಕಾಡಿನೊಳಗೆ ಈಗ ಹೇಗೆ ಪತ್ತೆಹಚ್ಚುತ್ತಾರೆ?

ಲೈಡಾರ್ ಎಂಬ ವಿಧಾನದಿಂದ. ವಿಮಾನ ಅಥವಾ ಹೆಲಿಕಾಪ್ಟರ್‌ನಿಂದ ಲೇಸರ್ ಕಿರಣದ ಮಿಡಿತಗಳನ್ನು ಕೆಳಕ್ಕೆ ಬಿಟ್ಟು, ಅವು ಮರಳಿ ಬರಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕಹಾಕುತ್ತಾರೆ. ಹೆಚ್ಚಿನವು ಎಲೆಗಳಿಗೇ ತಾಗಿ ಮರಳಿದರೂ ಸಂದುಗಳಲ್ಲಿ ನುಸುಳಿದ ಕೆಲವು ನೆಲ ಮುಟ್ಟುತ್ತವೆ. ಅವನ್ನಷ್ಟೇ ಆಯ್ದರೆ ಮರಗಳೇ ಇಲ್ಲದ ಬರಿನೆಲದ ಚಿತ್ರ ಮೂಡುತ್ತದೆ. ಬೊಲಿವಿಯಾದ ಮೊಹೋಸ್ ಬಯಲಿನಲ್ಲಿ ಸುಮಾರು 500ರಿಂದ 1400ರವರೆಗೆ ಬಾಳಿದ ಕಸರಾಬೆ ಸಂಸ್ಕೃತಿಯ ನೆಲೆಗಳು, ಅವುಗಳಲ್ಲಿನ 22 ಮೀಟರ್ ಎತ್ತರದ ಮಣ್ಣಿನ ಪಿರಮಿಡ್ಡುಗಳು, ಕಾಲುವೆಗಳು 2022ರಲ್ಲಿ ಹೀಗೆಯೇ ಪ್ರಕಟವಾದವು. 2024ರ ಜನವರಿಯಲ್ಲಿ ಈಕ್ವೆಡಾರಿನ ಉಪಾನೊ ಕಣಿವೆಯ ಆರು ಸಾವಿರಕ್ಕೂ ಹೆಚ್ಚು ಮಣ್ಣಿನ ಜಗಲಿಗಳ ವಿವರ ಬಂದಿತು. ಅವುಗಳ ಆರಂಭ ಸುಮಾರು 2500 ವರ್ಷಗಳ ಹಿಂದೆ.

ಇಷ್ಟೊಂದು ಜನ ಏನಾದರು?

ಶಿಂಗುವಿನಲ್ಲಿಯೂ ಅಮೆಜಾನ್ ನದಿಯ ದಂಡೆಗಳಲ್ಲಿಯೂ ಮುಖ್ಯ ಕಾರಣ ರೋಗ. ಸಿಡುಬು, ದಡಾರ, ಇನ್‌ಫ್ಲುಯೆಂಜಾಗಳನ್ನು ಎದುರಿಸುವ ಶಕ್ತಿ ಅಲ್ಲಿಯವರ ಮೈಯಲ್ಲಿರಲಿಲ್ಲ, ಮತ್ತು ಎಷ್ಟೋ ಕಡೆ ಯುರೋಪಿನವರಿಗಿಂತ ಮೊದಲೇ ಅವರ ರೋಗಗಳು ಊರು ಸೇರಿದವು. ಗುಲಾಮರ ಬೇಟೆ ಉಳಿದ ಕೆಲಸವನ್ನು ಮುಗಿಸಿತು. ಮರ, ಹುಲ್ಲು, ಮಣ್ಣಿನಿಂದ ಕಟ್ಟಿದ ಊರುಗಳು ಕೆಲವೇ ದಶಕಗಳಲ್ಲಿ ಕಾಡಾದವು. ಉಪಾನೊ, ಕಸರಾಬೆಗಳ ಮಾತು ಬೇರೆ. ಅವು ಯುರೋಪಿನವರು ಬರುವ ಮೊದಲೇ ಬಿಕೋ ಎನ್ನುತ್ತಿದ್ದವು.

ಪೆರು ದೇಶದ ಮಾಚು ಪಿಚು ಕೂಡ ಹೀಗೆ ಸಿಕ್ಕಿದ ಕಳೆದುಹೋದ ನಗರವೇ?

1911ರ ಜುಲೈ 24ರಂದು ಅಮೆರಿಕದ ಅನ್ವೇಷಕ ಹೈರಮ್ ಬಿಂಗಮ್‌ಗೆ ಅಲ್ಲಿಗೆ ದಾರಿ ತೋರಿಸಿದವರು ಮೆಲ್ಚೋರ್ ಅರ್ತೆಯಾಗ ಎಂಬ ರೈತ ಮತ್ತು ಒಬ್ಬ ಹುಡುಗ. ಜಗಲಿಗಳಲ್ಲಿ ಒಕ್ಕಲು ಕುಟುಂಬಗಳು ಬೇಸಾಯ ಮಾಡಿಕೊಂಡಿದ್ದವು. ಗೋಡೆಯ ಮೇಲೆ ಲಿಸಾರಾಗ ಎಂಬ ಸ್ಥಳೀಯನು 1902ರಲ್ಲಿ ಬರೆದ ತನ್ನ ಹೆಸರಿತ್ತು. ಬಿಂಗಮ್ ಹುಡುಕುತ್ತಿದ್ದುದು ಇಂಕಾ ಅರಸರ ಕೊನೆಯ ರಾಜಧಾನಿ ವಿಲ್ಕಬಾಂಬ. ಅದೇ ವರ್ಷ ಆತ ಎಸ್ಪಿರಿಟು ಪಂಪ ಎಂಬ ಕಾಡಿನ ಪಾಳನ್ನೂ ಕಂಡಿದ್ದನು, ಅದನ್ನು ಮುಖ್ಯವೆಂದು ಎಣಿಸಲಿಲ್ಲ. ನಿಜವಾದ ವಿಲ್ಕಬಾಂಬ ಅದೇ ಎಂದು ಬಹಳ ವರ್ಷಗಳ ಮೇಲೆ ವಿದ್ವಾಂಸರು ಗುರುತಿಸಿದರು.

ಕನ್ನಡಿಗರಿಗೆ ಇದು ಹೊಸದೇನಲ್ಲ. 1799ರಲ್ಲಿ ಕಾಲಿನ್ ಮೆಕೆಂಜಿ ಹಂಪಿಯ ನಕ್ಷೆ ಬರೆಸಿದ್ದೂ, 1900ರಲ್ಲಿ ರಾಬರ್ಟ್ ಸ್ಯೂಯೆಲ್ ವಿಜಯನಗರವನ್ನು 'ಮರೆತುಹೋದ ಸಾಮ್ರಾಜ್ಯ' ಎಂದು ಕರೆದದ್ದೂ ನಮಗೆ ಗೊತ್ತು. ಆ ಎಲ್ಲ ವರ್ಷಗಳಲ್ಲಿ ವಿರೂಪಾಕ್ಷನ ಗುಡಿಗೆ ಭಕ್ತರು ನಡೆದುಕೊಳ್ಳುತ್ತಲೇ ಇದ್ದರು.

ಇಂದು ಆಸಕ್ತರು ಅಲ್ಲಿಗೆ ಹೋಗಬಹುದೇ?

ಶಿಂಗು ಸೀಮೆ 1961ರಿಂದ ಮೂಲನಿವಾಸಿಗಳ ರಕ್ಷಿತ ಪ್ರದೇಶ. ಅಲ್ಲಿಯ ಸಮುದಾಯದ ಒಪ್ಪಿಗೆಯೂ ಬ್ರೆಜಿಲ್ ಸರ್ಕಾರದ ಅನುಮತಿಯೂ ಇಲ್ಲದೆ ಕಾಲಿಡಬಾರದು. 1996ರಲ್ಲಿ ಫಾಸೆಟ್‌ನ ಜಾಡು ಹಿಡಿದು ಹೋದ ತಂಡವೊಂದನ್ನು ಅಲ್ಲಿಯವರು ತಡೆದು ಹಿಡಿದಿಟ್ಟು, ದೋಣಿ ಮುಂತಾದ ಸಾಮಗ್ರಿಗಳನ್ನು ವಶಪಡಿಸಿಕೊಂಡ ಮೇಲೆಯೇ ಬಿಟ್ಟುಕಳಿಸಿದರು. ಗ್ವಾಟವಿಟ ಕೆರೆಯನ್ನು ಮಾತ್ರ ಯಾರು ಬೇಕಾದರೂ ಮಾರ್ಗದರ್ಶಿಯೊಡನೆ ನೋಡಿಬರಬಹುದು, ಮತ್ತು ಅಲ್ಲಿಗೆ ಹೋದವರು ಬೊಗೊಟಾದ ಚಿನ್ನದ ಸಂಗ್ರಹಾಲಯದಲ್ಲಿರುವ ಆ ಪುಟ್ಟ ತೆಪ್ಪವನ್ನು ನೋಡದೆ ಬರಬಾರದೆಂದು ನನ್ನ ಬಿನ್ನಹ.